ಇಂದಿನ ಧಮ್ಮ ಚಿಂತನೆ: ಗಿರಾಕಿಯನ್ನು ಬಿಡುವುದು ಯಾವಾಗ?

ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ವಯರಿಂಗ್ ಕೆಲಸ ಮಾಡುವ ಒಬ್ಬ ತಮ್ಮ ಕೇಳಿದ: "ಗಿರಾಕಿ ಏನು ಮಾಡಿದರೂ ಸಹಿಸಿಕೊಳ್ಳುವುದೇ ಖಂತಿಯಾ? ಹಾಗಾದರೆ ನಮಗೂ ನಮ್ಮ ಅಜ್ಜಂದಿರಿಗೂ ಏನು ವ್ಯತ್ಯಾಸ?" ಅಂದು ಸಮಯ ಸಾಲಲಿಲ್ಲ. ಈ ವಾರ ಬರೆಯುವ ಸರದಿ ನನ್ನದು. ನನಗೆ ಗೊತ್ತಿರುವುದು ನನ್ನ ಕೆಲಸ ಮಾತ್ರ, ಆದ್ದರಿಂದ ಅದರಿಂದಲೇ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ವಿಟ್ಲ, ಕನ್ಯಾನ, ಅಳಿಕೆ, ಪುಣಚ, ಕಬಕದ ಸುತ್ತಮುತ್ತ ಮನೆ ಮತ್ತು ಅಂಗಡಿಗಳ ಕಿಟಕಿ ಗಾಜು ತೊಳೆಯುವುದು ನನ್ನ ಸ್ವಂತ ಉದ್ಯೋಗ. ಮಳೆಗಾಲ ಮುಗಿಯುತ್ತಲೇ ಪಾಚಿ, ಬೇಸಿಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು, ವರ್ಷವಿಡೀ ಬೋರ್‌ವೆಲ್ ನೀರಿನ ಬಿಳಿ ಕಲೆ. ಇವೇ ನನಗೆ ಅನ್ನ ಕೊಡುತ್ತವೆ. ಒಂದು ಏಣಿ, ಎರಡು ಬಕೆಟ್, ಸ್ಕ್ವೀಜಿ, ಬಟ್ಟೆ, ಸಾಲ ಮಾಡಿ ತೆಗೆದುಕೊಂಡ ಪ್ರೆಷರ್ ವಾಷರ್, ಜೊತೆಗೆ ಒಬ್ಬ ಹುಡುಗ. ನಮಗೆ ಮಾಲೀಕ ಅಂತ ಯಾರೂ ಇಲ್ಲ. ಆದರೆ ಸ್ವಂತ ಕೆಲಸ ಮಾಡುವವನಿಗೆ ಗಿರಾಕಿಗಳೆಲ್ಲ ಅರ್ಧ ಮಾಲೀಕರೇ.

ಈ ಕೆಲಸದಲ್ಲಿ ನಾನು ಇಬ್ಬರು ಗಿರಾಕಿಗಳನ್ನು ಬಿಟ್ಟಿದ್ದೇನೆ. ಒಬ್ಬರನ್ನು ಬಿಟ್ಟದ್ದು ತಪ್ಪು. ಇನ್ನೊಬ್ಬರನ್ನು ಬಿಟ್ಟದ್ದು ಸರಿ, ಆದರೆ ಬಹಳ ತಡವಾಯಿತು.

*ಮೊದಲನೆಯದು*

ನಿವೃತ್ತ ಶಿಕ್ಷಕಿ, ಒಂಟಿಯಾಗಿರುವವರು. ಕೆಲಸ ಮುಗಿಸಿ ಬಂದ ಮರುದಿನವೇ ಫೋನ್. "ಕಲೆ ಹಾಗೇ ಇದೆ." ಹೋಗಿ ನೋಡಿದರೆ ನನಗೆ ಏನೂ ಕಾಣುವುದಿಲ್ಲ. ಇನ್ನೊಮ್ಮೆ ಒರೆಸಿ ಬಂದೆ. ಮತ್ತೆ ಫೋನ್. ಮೂರನೇ ಸಲ "ಈ ಮುದುಕಿಗೆ ಬೇರೆ ಕೆಲಸ ಇಲ್ಲ" ಎಂದು ಮನಸ್ಸಿನಲ್ಲಿ ಬೈದುಕೊಂಡೆ. ಆಮೇಲೆ ಅವರ ಫೋನ್ ಎತ್ತುವುದನ್ನೇ ನಿಲ್ಲಿಸಿದೆ.

ಕೆಲವು ತಿಂಗಳ ನಂತರ ಪಕ್ಕದ ಮನೆಯ ಕೆಲಸಕ್ಕೆ ಹೋಗಿದ್ದಾಗ ಅವರೇ ಕರೆದರು. ಸಂಜೆ ಐದು ಗಂಟೆ. "ಬನ್ನಿ, ಈ ಕುರ್ಚಿಯಲ್ಲಿ ಕುಳಿತುಕೊಳ್ಳಿ" ಎಂದರು. ಕುಳಿತೆ. ಓರೆ ಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ಇಡೀ ಗಾಜಿನಲ್ಲಿ ಮಳೆ ಹನಿ ಒಣಗಿದ ಹಾಗೆ ನೂರಾರು ಬಿಳಿ ಚುಕ್ಕೆ. ಬೋರ್‌ವೆಲ್ ನೀರಿನ ಸುಣ್ಣ. ನಾನು ತೊಳೆಯುತ್ತಿದ್ದುದು ನಡು ಮಧ್ಯಾಹ್ನ, ಆಗ ಅದು ಕಾಣುವುದೇ ಇಲ್ಲ. ಅದಲ್ಲದೆ ಸುಡುವ ಬಿಸಿಲಿಗೆ ಸೋಪು ನೀರು ಒರೆಸುವ ಮೊದಲೇ ಒಣಗಿ ಇನ್ನಷ್ಟು ಕಲೆ ಕೂರುತ್ತಿತ್ತು. ಅವರು ದಿನವೂ ಸಂಜೆ ಕುಳಿತು ಪತ್ರಿಕೆ ಓದುವ ಜಾಗ ಅದು. ಅವರು ಹೇಳಿದ್ದು ಪೂರ್ತಿ ನಿಜ.

ವಿನೆಗರ್ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಗಾಜಿಗೆ ಹಚ್ಚಿಟ್ಟು ಒರೆಸಿದೆ, ಹೋಯಿತು. ಕ್ಷಮೆ ಕೇಳಿದೆ. ಅವರು ಇಂದಿಗೂ ನನ್ನ ಗಿರಾಕಿ. ಅಂದಿನಿಂದ ಕೆಲಸ ಬೆಳಿಗ್ಗೆ ಬೇಗ ಶುರು ಮಾಡುತ್ತೇನೆ, ಹೊರಡುವ ಮೊದಲು ಮನೆಯವರು ಕೂರುವ ಜಾಗದಿಂದ ಒಮ್ಮೆ ನೋಡುತ್ತೇನೆ.

*ಎರಡನೆಯದು*

ಎರಡು ಮಹಡಿಯ ದೊಡ್ಡ ಮನೆ. ವರ್ಷಕ್ಕೆ ನಾಲ್ಕು ಸಲ ಕೆಲಸ. ಅವರ ಮಾತಿನಿಂದ ಇನ್ನೆರಡು ಮನೆ ಸಿಕ್ಕಿತ್ತು. ಹಣ ತಡ ಮಾಡುತ್ತಿದ್ದರು, ಪ್ರತಿ ಸಲ ಇನ್ನೂರು ಕಡಿಮೆ ಕೊಡುತ್ತಿದ್ದರು. ಜೂನ್ ತಿಂಗಳಲ್ಲಿ ಪಾಚಿ ಹಿಡಿದ ಸನ್‌ಶೇಡ್ ಮೇಲೆ ನಿಂತು ತೊಳೆ ಎನ್ನುತ್ತಿದ್ದರು. ಇದೆಲ್ಲ ಎಲ್ಲ ಕಡೆಯೂ ಇರುವುದೇ ಎಂದುಕೊಂಡಿದ್ದೆ.

ಒಂದು ದಿನ ಚಹಾ ಕೊಡುವಾಗ ಕೇಳಿದರು: "ನಿಮ್ಮ ಮನೆ ಎಲ್ಲಿ? ಯಾರ ಪೈಕಿ?" ನಮ್ಮ ಕಡೆ ಈ ಪ್ರಶ್ನೆಯ ಅರ್ಥ ಏನೆಂದು ನಿಮಗೆಲ್ಲ ಗೊತ್ತು. ನಾನು ಮುಚ್ಚಿಡಲಿಲ್ಲ. ಮುಂದಿನ ಸಲ ಹೋದಾಗ ಚಹಾ ಪೇಪರ್ ಕಪ್ಪಿನಲ್ಲಿ ಬಂತು. ಅಡಿಕೆ ಸುಲಿಯುವವರಿಗೆಲ್ಲ ಸ್ಟೀಲ್ ಲೋಟ. "ಹೊರಗಿನ ಬದಿ ನೀವು ಮಾಡಿ. ಒಳಗಿನ ಬದಿಗೆ ಬೇರೆ ಯಾರನ್ನಾದರೂ ಕರೆದುಕೊಂಡು ಬನ್ನಿ" ಎಂದರು. ಜೋರಾಗಿ ಹೇಳಲಿಲ್ಲ. ಮೆಲ್ಲಗೆ, ಉಪಕಾರ ಮಾಡಿದ ಹಾಗೆ ಹೇಳಿದರು.

ಅದಾದ ಮೇಲೂ ಎಂಟು ತಿಂಗಳು ಆ ಮನೆಗೆ ಹೋದೆ. ಹೊರಗಿನಿಂದ ಮಾತ್ರ ತೊಳೆದು ಬಂದೆ. ಇದು ಖಂತಿ, ಪಾರಮಿತೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ವಾಷರಿನ ಕಂತು ಬಾಕಿ ಇತ್ತು, ಆ ಮನೆ ಹೋದರೆ ಇನ್ನೆರಡು ಮನೆಯೂ ಹೋಗುತ್ತದೆ ಎಂಬ ಭಯ ಇತ್ತು. ಭಯಕ್ಕೆ ಧಮ್ಮದ ಹೆಸರು ಇಟ್ಟಿದ್ದೆ.

ಕೊನೆಗೆ ಕಣ್ಣು ತೆರೆಸಿದ್ದು ನನ್ನ ಜೊತೆಗಿನ ಹುಡುಗ. ಅವನೂ ನಮ್ಮವನೇ. ಅವನು ಹೇಳಿದ: "ಅಣ್ಣ, ಒಳಗೆ ನಾನು ಹೋಗುತ್ತೇನೆ. ನನ್ನನ್ನು ಅವರು ಕೇಳಿಲ್ಲ. ಕೇಳಿದರೆ ಬೇರೆ ಹೆಸರು ಹೇಳಿದರಾಯಿತು." ನನಗೆ ಸಹಾಯ ಮಾಡಲೆಂದೇ ಹೇಳಿದ್ದು. ಹತ್ತೊಂಬತ್ತು ವರ್ಷದ ಹುಡುಗ, ನನ್ನ ಕೆಲಸ ಉಳಿಸಲು ತನ್ನ ಹೆಸರನ್ನೇ ಬದಲಾಯಿಸಲು ಸಿದ್ಧನಾಗಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಇದೆ, ಮನುಷ್ಯರೆಲ್ಲ ಸಮಾನರು ಎಂಬುದೂ ಇದೆ. ಒಬ್ಬ ಗಿರಾಕಿಯನ್ನು ಉಳಿಸಿಕೊಳ್ಳಲು ಎರಡನ್ನೂ ಒಟ್ಟಿಗೆ ಮುರಿಯುವುದನ್ನು ನಾನು ಆ ಹುಡುಗನಿಗೆ ಕಲಿಸುತ್ತಿದ್ದೆ.

*ಧಮ್ಮ ಏನು ಹೇಳುತ್ತದೆ*

ದೀಘನಿಕಾಯದ ಸಿಗಾಲೋವಾದ ಸುತ್ತವನ್ನು ನಾವು ಓದಿದ್ದೇವೆ. ಸಿಗಾಲ ಎಂಬ ಗೃಹಸ್ಥನ ಮಗ ಆರು ದಿಕ್ಕುಗಳಿಗೆ ಕೈ ಮುಗಿಯುತ್ತಿದ್ದ. ದಿಕ್ಕುಗಳೆಂದರೆ ನಮ್ಮ ಸುತ್ತ ಇರುವ ಮನುಷ್ಯ ಸಂಬಂಧಗಳು ಎಂದು ಬುದ್ಧರು ತಿಳಿಸಿದರು. ಕೆಳಗಿನ ದಿಕ್ಕು ಎಂದರೆ ಸೇವಕರು, ಕೆಲಸಗಾರರು. ಅಲ್ಲಿ ಕರ್ತವ್ಯ ಎರಡೂ ಕಡೆಗೆ ಐದೈದು. ಬಾಬಾಸಾಹೇಬರೂ "ಬುದ್ಧ ಮತ್ತು ಆತನ ಧಮ್ಮ" ಗ್ರಂಥದಲ್ಲಿ ಗೃಹಸ್ಥರ ವಿನಯ ಹೇಳುವಾಗ ಒಡೆಯ ಮತ್ತು ಕೆಲಸಗಾರರ ಈ ಕರ್ತವ್ಯಗಳನ್ನು ಸೇರಿಸಿದ್ದಾರೆ.

ಕೆಲಸ ಮಾಡುವವನ ಕರ್ತವ್ಯ:
1. ಒಡೆಯನಿಗಿಂತ ಮೊದಲು ಏಳುವುದು.
2. ನಂತರ ಮಲಗುವುದು.
3. ಕೊಟ್ಟದ್ದನ್ನು ಮಾತ್ರ ತೆಗೆದುಕೊಳ್ಳುವುದು.
4. ಕೆಲಸವನ್ನು ಚೆನ್ನಾಗಿ ಮಾಡುವುದು.
5. ಒಡೆಯನ ಒಳ್ಳೆಯ ಹೆಸರು ಕಾಪಾಡುವುದು.

ಕೆಲಸ ಮಾಡಿಸುವವನ ಕರ್ತವ್ಯ:
1. ಶಕ್ತಿಗೆ ತಕ್ಕ ಕೆಲಸ ಕೊಡುವುದು.
2. ಊಟ ಮತ್ತು ಸಂಬಳ ಕೊಡುವುದು.
3. ಕಾಯಿಲೆಯಾದಾಗ ನೋಡಿಕೊಳ್ಳುವುದು.
4. ವಿಶೇಷ ತಿನಿಸು ಮಾಡಿದಾಗ ಹಂಚಿಕೊಳ್ಳುವುದು.
5. ಸಕಾಲದಲ್ಲಿ ಬಿಡುವು ಕೊಡುವುದು.

ಗಿರಾಕಿ ಕಷ್ಟ ಕೊಡುತ್ತಿದ್ದಾನೆ ಅನ್ನಿಸಿದಾಗ ನಾನು ಈಗ ಮೊದಲ ಪಟ್ಟಿಯನ್ನು ನನ್ನ ಮುಂದೆ ಇಟ್ಟುಕೊಳ್ಳುತ್ತೇನೆ. ಶಿಕ್ಷಕಿಯ ವಿಷಯದಲ್ಲಿ ನಾಲ್ಕನೆಯದರಲ್ಲೇ ನಾನು ಸೋತಿದ್ದೆ. ನನ್ನ ಕಡೆ ಸರಿಯಿದ್ದರೆ ಮಾತ್ರ ಎರಡನೇ ಪಟ್ಟಿಯನ್ನು ಗಿರಾಕಿಯ ಮುಂದೆ ಇಡುತ್ತೇನೆ. ಪಾಚಿ ಹಿಡಿದ ಸನ್‌ಶೇಡ್ ಮೇಲೆ ನಿಲ್ಲಿಸುವುದು ಶಕ್ತಿಗೆ ತಕ್ಕ ಕೆಲಸ ಅಲ್ಲ. ಒಪ್ಪಿದ ಹಣದಲ್ಲಿ ಇನ್ನೂರು ಹಿಡಿಯುವುದು ಸಂಬಳ ಕೊಡುವುದಲ್ಲ. ಹಂಚಿಕೊಂಡು ತಿನ್ನಬೇಕು ಎಂಬ ಕಡೆ ಪೇಪರ್ ಕಪ್ ಬಂದರೆ ಅದಕ್ಕೆ ಏನು ಹೇಳುವುದು?

ಹೀಗೆ ನೋಡಿದಾಗ ಕಷ್ಟದ ಗಿರಾಕಿಗಳು ಮೂರು ಬಗೆ ಎಂದು ಗೊತ್ತಾಯಿತು.

*ಒಂದು, ಗೊತ್ತಿಲ್ಲದೆ ಕಷ್ಟ ಕೊಡುವವರು.* ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ಕಲೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ಅವರಿಗೆ ತಿಳಿದಿರುವುದಿಲ್ಲ. ಇವರಿಗೆ ತಾಳ್ಮೆಯಿಂದ ತೋರಿಸಿ ಹೇಳಬೇಕು. ಬಿಡಬಾರದು.

*ಎರಡು, ಹಣದಲ್ಲಿ, ಸಮಯದಲ್ಲಿ ಕಷ್ಟ ಕೊಡುವವರು.* ದರವನ್ನು ಕೆಲಸಕ್ಕೆ ಮೊದಲೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಹಳೆಯ ಬಾಕಿ ಬಾರದೆ ಹೊಸ ಕೆಲಸ ಇಲ್ಲ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿ. ಮತ್ತೂ ಅದೇ ಆದರೆ ಗಲಾಟೆ ಇಲ್ಲದೆ ಬಿಡಿ.

*ಮೂರು, ನಮ್ಮ ಘನತೆಯನ್ನು, ಶೀಲವನ್ನು ಅಥವಾ ಪ್ರಾಣವನ್ನು ಬೆಲೆಯಾಗಿ ಕೇಳುವವರು.* ಇಲ್ಲಿ ಎರಡನೇ ಅವಕಾಶಕ್ಕೆ ಕಾಯಬೇಕಿಲ್ಲ. ಎಂಟು ತಿಂಗಳಂತೂ ಬೇಡವೇ ಬೇಡ.

*ಭಯ ಯಾಕೆ ಇರುತ್ತದೆ*

ನಮ್ಮವರ ಭಯ ಹಳೆಯದು. ಬಾಂಬೆ ಪ್ರಾಂತ್ಯದಲ್ಲಿ, ಅಂದರೆ ಇಂದಿನ ಬೆಳಗಾವಿ, ವಿಜಯಪುರ, ಧಾರವಾಡದ ಕಡೆಯೂ ಸೇರಿದಂತೆ, ವತನ ಪದ್ಧತಿ ಇತ್ತು. ತುಂಡು ಭೂಮಿ ಮತ್ತು ಮನೆಮನೆಯ ಕಾಳಿಗಾಗಿ ಮಹಾರರು ಹಗಲು ರಾತ್ರಿ ಎನ್ನದೆ ಊರಿನ, ಸರ್ಕಾರದ ಸೇವೆ ಮಾಡಬೇಕಿತ್ತು. ಬಾಬಾಸಾಹೇಬರು 1928ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಅದು ಅಂದು ಕಾಯ್ದೆಯಾಗಲಿಲ್ಲ. ಆದರೆ ಅವರು ತೋರಿಸಿದ ದಾರಿ ನೋಡಿ. ಬರೀ "ಬಿಟ್ಟು ಬನ್ನಿ" ಎನ್ನಲಿಲ್ಲ. ಬಿಟ್ಟ ಮೇಲೆ ನಿಲ್ಲಲು ಕಾಲ ಕೆಳಗೆ ನೆಲ ಬೇಕು ಎಂದು ಭೂಮಿಯ, ನ್ಯಾಯವಾದ ಸಂಬಳದ ವಿಷಯವನ್ನೂ ಎತ್ತಿದರು.

ನಮ್ಮ ಜಿಲ್ಲೆಯಲ್ಲೂ ಕೊರಗ ಬಂಧುಗಳ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ನಮ್ಮ ಕಾಲದ ಮಾತು ಇದು. ಯಾರದೋ ಮನೆಯ ಅನ್ನವನ್ನೇ ನಂಬಿ ಬದುಕುವ ಸ್ಥಿತಿ ಇರುವವರೆಗೆ ಅವಮಾನವನ್ನು ನಿರಾಕರಿಸುವುದು ಎಷ್ಟು ಕಷ್ಟ ಎಂಬುದನ್ನು ಎರಡೂ ಹೇಳುತ್ತವೆ.

ಆದ್ದರಿಂದ ಸ್ವಂತ ಕೆಲಸ ಮಾಡುವ ತಮ್ಮ ತಂಗಿಯರಿಗೆ ನನ್ನ ಎರಡು ಮಾತು. ಒಬ್ಬನೇ ಗಿರಾಕಿಯಿಂದ ನಿಮ್ಮ ಆದಾಯದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬರದಂತೆ ನೋಡಿಕೊಳ್ಳಿ. ಎರಡು ತಿಂಗಳ ಮನೆ ಖರ್ಚನ್ನು ಬ್ಯಾಂಕಿನಲ್ಲಿ ಬೇರೆ ಇಡಿ, ನಿಧಾನವಾಗಿಯಾದರೂ ಸರಿ. ಆ ಹಣ ಇದ್ದರೆ ತೀರ್ಮಾನವನ್ನು ನೀವು ಮಾಡುತ್ತೀರಿ. ಇಲ್ಲದಿದ್ದರೆ ಭಯ ಮಾಡುತ್ತದೆ.

*ಬಿಟ್ಟದ್ದು ಹೇಗೆ*

ಒಪ್ಪಿಕೊಂಡಿದ್ದ ಕೆಲಸವನ್ನು ಪೂರ್ತಿ ಮುಗಿಸಿದೆ. ಬಾಕಿ ಹಣ ಕೇಳಿ ಪಡೆದೆ. ಆಮೇಲೆ ಅಂಗಳದಲ್ಲೇ ನಿಂತು ಹೇಳಿದೆ: "ಇನ್ನು ಮುಂದೆ ನಾನು ಬರುವುದಿಲ್ಲ. ಕಾರಣ ಹಣ ಅಲ್ಲ. ನನ್ನನ್ನು ಮನೆಯೊಳಗೆ ಬಿಡದ ಕಡೆ ನಾನು ಕೆಲಸ ಮಾಡುವುದಿಲ್ಲ." ಅವರು ಕೂಗಾಡಿದರು. ಅನ್ನ ಹಾಕಿದವರಿಗೆ ಎದುರು ಮಾತಾಡುತ್ತೀಯಾ ಎಂದರು. ಇನ್ನೂ ಏನೇನೋ ಅಂದರು.

ಆಗ ನೆನಪಾದದ್ದು ಅಕ್ಕೋಸ ಸುತ್ತ. ರಾಜಗೃಹದಲ್ಲಿ ಒಬ್ಬ ಬ್ರಾಹ್ಮಣ ಬಂದು ಬುದ್ಧರನ್ನು ಬಾಯಿಗೆ ಬಂದಂತೆ ಬೈದ. ನಿನ್ನ ಮನೆಗೆ ನೆಂಟರು ಬರುತ್ತಾರಾ, ನೀನು ಬಡಿಸಿದ್ದನ್ನು ಅವರು ತೆಗೆದುಕೊಳ್ಳದಿದ್ದರೆ ಅದು ಯಾರದು ಎಂದು ಬುದ್ಧರು ಕೇಳಿದರು. ನನ್ನಲ್ಲೇ ಉಳಿಯುತ್ತದೆ ಎಂದ. ಹಾಗೆಯೇ ನಿನ್ನ ಬೈಗುಳವನ್ನು ನಾನು ತೆಗೆದುಕೊಳ್ಳಲಿಲ್ಲ, ಅದು ನಿನ್ನದೇ ಎಂದರು. ಬುದ್ಧರು ತಿರುಗಿ ಬೈಯಲಿಲ್ಲ. ಆದರೆ ಬಡಿಸಿದ್ದನ್ನು ತಿನ್ನಲೂ ಇಲ್ಲ. ಖಂತಿ ಎಂದರೆ ಇದು ಎಂದು ನನಗೆ ಅಂದು ಅರ್ಥವಾಯಿತು. ನಾನೂ ತಿರುಗಿ ಬೈಯದೆ ಏಣಿ ಹೊತ್ತು ಬಂದೆ.

ಆಮೇಲೆ ಎಲ್ಲ ಸರಿಹೋಯಿತು ಎಂದು ಹೇಳುವುದಿಲ್ಲ. ಅವರ ಮೂಲಕ ಬಂದಿದ್ದ ಎರಡು ಮನೆಯೂ ಹೋಯಿತು. ಮೂರು ತಿಂಗಳು ಕಷ್ಟವಾಯಿತು, ಒಂದು ಕಂತು ತಪ್ಪಿತು. ಹುಡುಗನ ಸಂಬಳ ಮಾತ್ರ ತಪ್ಪಿಸಲಿಲ್ಲ. ಅವನು ಈಗ ಯಾರು ಕೇಳಿದರೂ ತನ್ನ ಹೆಸರನ್ನೇ ಹೇಳುತ್ತಾನೆ.

ಇನ್ನೊಂದು ವಿಷಯ ನನ್ನಲ್ಲಿ ಇನ್ನೂ ಬಗೆಹರಿದಿಲ್ಲ. ಬಳಗದ ಒಬ್ಬ ಅಕ್ಕ ಹೇಳಿದರು: "ನೀವು ಸುಮ್ಮನೆ ಬಿಟ್ಟು ಬಂದಿರಿ. ನಾಳೆ ಆ ಮನೆಗೆ ಹೋಗುವ ನಮ್ಮ ಇನ್ನೊಬ್ಬ ಹುಡುಗನ ಗತಿ?" ಸಂವಿಧಾನದ 17ನೇ ವಿಧಿ ಇದೆ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಮೈತ್ರಿ ಇಟ್ಟುಕೊಂಡೇ ದೂರು ಕೊಡಬಹುದು, ಅದು ದ್ವೇಷ ಆಗುವುದಿಲ್ಲ. ನಾನು ಕೊಡಲಿಲ್ಲ. ಅಕ್ಕನ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಬರುವ ಭಾನುವಾರ ಇದನ್ನೇ ಚರ್ಚಿಸೋಣ.

*ಇಂದಿನ ಅಭ್ಯಾಸ*

ನಿಮಗೆ ಕಷ್ಟ ಕೊಡುವ ಒಬ್ಬ ಗಿರಾಕಿಯನ್ನೋ ಮಾಲೀಕನನ್ನೋ ನೆನೆಯಿರಿ. ಐದು ನಿಮಿಷ ಉಸಿರು ಗಮನಿಸಿ, ಕೋಪ ಇಳಿದ ಮೇಲೆ ಈ ಮೂರನ್ನು ಕೇಳಿಕೊಳ್ಳಿ:

☸️ ನನ್ನ ಕೆಲಸದಲ್ಲಿ ತಪ್ಪಿದೆಯೇ? ಅವರ ಕುರ್ಚಿಯಲ್ಲಿ ಕುಳಿತು ನೋಡಿದ್ದೇನೆಯೇ?
☸️ ನನಗೆ ಏನು ಬೇಕು ಎಂದು ಒಮ್ಮೆಯಾದರೂ ಬಾಯಿಬಿಟ್ಟು ಹೇಳಿದ್ದೇನೆಯೇ?
☸️ ಇವರನ್ನು ಉಳಿಸಿಕೊಳ್ಳಲು ನನ್ನ ಜೊತೆಗಿರುವ ಕಿರಿಯರು ಏನನ್ನು ಕಲಿಯುತ್ತಿದ್ದಾರೆ?

ಮೂರನೆಯದರ ಉತ್ತರ ನಿಮ್ಮನ್ನು ನಾಚಿಸಿದರೆ, ಬಿಡುವ ಸಮಯ ಬಂದಿದೆ.

ಎಲ್ಲರಿಗೂ ಮಂಗಳವಾಗಲಿ. ನಮಗೆ ಕಷ್ಟ ಕೊಟ್ಟವರಿಗೂ ಮಂಗಳವಾಗಲಿ.

ನಮೋ ಬುದ್ಧಾಯ 🙏 ಜೈ ಭೀಮ್ 💙
ಓದಿ, ಮನೆಯವರಿಗೆ ಓದಿ ಹೇಳಿ, ಸ್ವಂತ ಕೆಲಸ ಮಾಡುವ ಬಂಧುಗಳಿಗೆ ಕಳಿಸಿ.