ಕೆಎಎಸ್ ಪೂರ್ವಭಾವಿ: ಮೊದಲು ಲೆಕ್ಕ, ಆಮೇಲೆ ಲೋಕಜ್ಞಾನ

ಪದವಿ ಮುಗಿಸಿ ‘ಕೆಎಎಸ್ ಬರೀತೀನಿ’ ಎಂದು ಹೊರಟವರು ಮೊದಲು ಮಾಡುವ ಕೆಲಸ ಪುಸ್ತಕ ಕೊಳ್ಳುವುದು. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಒಂದು ಸುತ್ತು ಹಾಕಿದರೆ ಸಾಕು, ಸಾಮಾನ್ಯ ಜ್ಞಾನದ ದಪ್ಪ ಹೊತ್ತಗೆಗಳಿಂದ ಚೀಲ ತುಂಬಿಹೋಗುತ್ತದೆ. ಕೆಲವು ತಿಂಗಳು ಕಳೆದ ಮೇಲೆ ನೋಡಿದರೆ ಸಿಂಧೂ ನಾಗರಿಕತೆಯ ಪುಟಗಳು ಮಾತ್ರ ಮಾಸಿರುತ್ತವೆ, ಉಳಿದವು ಹೊಸದಾಗಿಯೇ ಇರುತ್ತವೆ. ಹೊಸಬರಿಗೆ ನಾನು ಹೇಳುವ ಕ್ರಮ ಇದಕ್ಕೆ ತಿರುಗಾಮುರುಗಾ. ಲೆಕ್ಕ ಮತ್ತು ತಾರ್ಕಿಕತೆಯಿಂದ ಶುರು ಮಾಡಿ. ಸಾಮಾನ್ಯ ಜ್ಞಾನಕ್ಕೆ ಕೊನೆಯಿಲ್ಲ. ಲೆಕ್ಕಕ್ಕೆ ಕೊನೆಯಿದೆ, ಅದೂ ಹತ್ತನೇ ತರಗತಿಯ ಮಟ್ಟದಲ್ಲೇ.

ಪರೀಕ್ಷೆಯ ಸ್ವರೂಪ ಹೀಗಿದೆ. ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ಸ್ ಪೂರ್ವಭಾವಿಯಲ್ಲಿ ಎರಡು ಪತ್ರಿಕೆ. ಒಂದೊಂದಕ್ಕೂ 100 ಪ್ರಶ್ನೆ, 200 ಅಂಕ, 2 ಗಂಟೆ. ಮೊದಲ ಪತ್ರಿಕೆಯಲ್ಲಿ ರಾಷ್ಟ್ರೀಯ, ಅಂತರರಾಷ್ಟ್ರೀಯ ಪ್ರಚಲಿತ ವಿದ್ಯಮಾನಕ್ಕೆ 40 ಪ್ರಶ್ನೆ, ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರದಂಥ ಮಾನವಿಕ ವಿಷಯಗಳಿಗೆ 60. ಎರಡನೆಯದರಲ್ಲಿ ರಾಜ್ಯಕ್ಕೆ ಸಂಬಂಧಿಸಿದ ವಿಷಯಗಳಿಗೆ 40, ವಿಜ್ಞಾನ ಮತ್ತು ಪರಿಸರಕ್ಕೆ 30, ಮಾನಸಿಕ ಸಾಮರ್ಥ್ಯಕ್ಕೆ 30. ಈ ಕೊನೆಯ 30 ಪ್ರಶ್ನೆಗೆ 60 ಅಂಕ. ಸಿದ್ಧತೆಯ ಫಲ ಬೇಗ ಕಣ್ಣಿಗೆ ಕಾಣುವುದು ಇಲ್ಲೇ.

ಹಂತ 1: ಪುಸ್ತಕಕ್ಕೆ ಮೊದಲು ಹಳೆಯ ಪತ್ರಿಕೆ

ಕೆಪಿಎಸ್‌ಸಿ ಜಾಲತಾಣದಲ್ಲಿ ಹಿಂದಿನ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ಒಂದನ್ನು ಮುದ್ರಿಸಿಕೊಂಡು, ಏನೂ ಓದದೆ, ಗಡಿಯಾರ ಮುಂದಿಟ್ಟುಕೊಂಡು 2 ಗಂಟೆ ಬರೆಯಿರಿ. ಎಷ್ಟು ಅಂಕ ಬಂತು ಎಂಬುದು ಈಗ ಮುಖ್ಯವಲ್ಲ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಮೂರರಲ್ಲಿ ಒಂದು ಗುರುತು ಹಾಕಿ: ಗೊತ್ತಿತ್ತು, ಸಮಯ ಇದ್ದಿದ್ದರೆ ಆಗುತ್ತಿತ್ತು, ಗೊತ್ತೇ ಇಲ್ಲ. ಹೊಸಬರಲ್ಲಿ ಎರಡನೇ ಗುರುತು ಬೀಳುವುದು ಹೆಚ್ಚಾಗಿ ಲೆಕ್ಕದ ಪ್ರಶ್ನೆಗಳಿಗೆ. ಆ ಅಂಕಗಳು ನಿಮ್ಮವೇ, ವೇಗವಿಲ್ಲದೆ ಕೈತಪ್ಪಿವೆ ಅಷ್ಟೇ.

ಹಂತ 2: ಮಗ್ಗಿ, ಭಿನ್ನರಾಶಿ, ಶೇಕಡಾ

ಪದವೀಧರರಿಗೆ ಮಗ್ಗಿ ಕಲಿಯಿರಿ ಎಂದರೆ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. 20ರವರೆಗಿನ ಮಗ್ಗಿ, 30ರವರೆಗಿನ ವರ್ಗಗಳು, 15ರವರೆಗಿನ ಘನಗಳು ನಾಲಿಗೆಯ ತುದಿಯಲ್ಲಿರಬೇಕು. ಪರೀಕ್ಷಾ ಕೊಠಡಿಗೆ ಕ್ಯಾಲ್ಕ್ಯುಲೇಟರ್ ಒಯ್ಯುವಂತಿಲ್ಲ. ಫೋನಿನಲ್ಲಿ ಗುಣಾಕಾರ ಮಾಡಿ ರೂಢಿಯಾದ ಕೈ ಅಲ್ಲಿ ನಡುಗುತ್ತದೆ.

ಮುಂದಿನದು ಭಿನ್ನರಾಶಿ ಮತ್ತು ಶೇಕಡಾವಾರಿನ ನಂಟು. 1/8 ಎಂದರೆ ಶೇ 12.5, 1/6 ಎಂದರೆ ಶೇ 16.67, 3/8 ಎಂದರೆ ಶೇ 37.5. 640ರ ಶೇ 37.5 ಎಷ್ಟು ಎಂದು ಕೇಳಿದಾಗ ದಶಮಾಂಶ ಗುಣಿಸುತ್ತ ಕೂತವರು ಒಂದು ನಿಮಿಷ ಕಳೆಯುತ್ತಾರೆ. 3/8 ಎಂದು ಕಂಡವರು 640ನ್ನು 8ರಿಂದ ಭಾಗಿಸಿ 80, ಮೂರರಿಂದ ಗುಣಿಸಿ 240 ಎಂದು ಬರೆದು ಮುಂದೆ ಹೋಗುತ್ತಾರೆ.

ಇದೇ ನಂಟು ಮುಂದೆ ಲಾಭ–ನಷ್ಟ, ರಿಯಾಯಿತಿ, ಬಡ್ಡಿ ಎಲ್ಲದರಲ್ಲೂ ಕೆಲಸಕ್ಕೆ ಬರುತ್ತದೆ. ತೊಗರಿಬೇಳೆಯ ಬೆಲೆ ಶೇ 25 ಏರಿದೆ, ಮನೆಖರ್ಚು ಹೆಚ್ಚಬಾರದೆಂದರೆ ಬಳಕೆ ಶೇಕಡಾ ಎಷ್ಟು ಇಳಿಸಬೇಕು? ಅವಸರದಲ್ಲಿ 25 ಎಂದು ಗುರುತು ಹಾಕುವವರು ಬಹಳ. ಶೇ 25 ಅಂದರೆ 1/4. ನಾಲ್ಕು ರೂಪಾಯಿಯದು ಐದಾಗಿದೆ. ಐದರಿಂದ ನಾಲ್ಕಕ್ಕೆ ಇಳಿಯಬೇಕು, ಅಂದರೆ ಐದರಲ್ಲಿ ಒಂದು ಪಾಲು, ಶೇ 20. ಈ ದಾರಿ ಒಮ್ಮೆ ಹೊಳೆದರೆ ಸೂತ್ರ ಉರುಹೊಡೆಯುವ ಅಗತ್ಯವಿಲ್ಲ. ಶೇ 20 ರಿಯಾಯಿತಿಯ ಮೇಲೆ ಮತ್ತೆ ಶೇ 10 ರಿಯಾಯಿತಿ ಎಂದರೂ ಅಷ್ಟೇ: 100ರದ್ದು 80, 80ರದ್ದು 72. ಒಟ್ಟು ರಿಯಾಯಿತಿ 28, ಮೂವತ್ತಲ್ಲ.

ಕೆಲಸ ಮತ್ತು ಕಾಲದ ಲೆಕ್ಕಕ್ಕೆ ಶಾಲೆಯಲ್ಲಿ ಕಲಿತ 1/10, 1/15 ಕೂಡುವ ಕ್ರಮಕ್ಕಿಂತ ಲ.ಸಾ.ಅ. ಕ್ರಮ ವಾಸಿ. ಒಬ್ಬ 10 ದಿನದಲ್ಲಿ, ಇನ್ನೊಬ್ಬ 15 ದಿನದಲ್ಲಿ ಮುಗಿಸುವ ಕೆಲಸವನ್ನು 30 ಪಾಲೆಂದು ಇಟ್ಟುಕೊಳ್ಳಿ. ಮೊದಲಿನವನು ದಿನಕ್ಕೆ 3 ಪಾಲು, ಎರಡನೆಯವನು 2 ಪಾಲು. ಇಬ್ಬರೂ ಸೇರಿದರೆ ದಿನಕ್ಕೆ 5, ಕೆಲಸ 6 ದಿನದಲ್ಲಿ ಮುಗಿಯಿತು. ರೈಲಿನ ಪ್ರಶ್ನೆಗೆ ಗಂಟೆಗೆ ಕಿ.ಮೀ.ಯನ್ನು 5/18ರಿಂದ ಗುಣಿಸಿ ಸೆಕೆಂಡಿಗೆ ಮೀಟರ್ ಮಾಡಿಕೊಳ್ಳಿ. ಪ್ಲಾಟ್‌ಫಾರ್ಮ್ ದಾಟುವಾಗ ಅದರ ಉದ್ದಕ್ಕೆ ರೈಲಿನ ಉದ್ದವನ್ನೂ ಕೂಡಬೇಕು. ಸರಾಸರಿ, ಅನುಪಾತ, ವಯಸ್ಸಿನ ಲೆಕ್ಕಗಳು ಇಷ್ಟು ಬಂದವರಿಗೆ ತಾವಾಗಿಯೇ ಬರುತ್ತವೆ.

ದಿನಕ್ಕೆ ಒಂದೇ ಅಧ್ಯಾಯ, ಹತ್ತು ಲೆಕ್ಕ. ಮೊದಲ ವಾರ ಗಡಿಯಾರ ನೋಡಬೇಡಿ. ದಾರಿ ಕೈಗೆ ಬಂದ ಮೇಲೆ ಲೆಕ್ಕಕ್ಕೆ ಒಂದು ನಿಮಿಷದ ಮಿತಿ ಹಾಕಿಕೊಳ್ಳಿ.

ಹಂತ 3: ತಾರ್ಕಿಕತೆಗೆ ಕಾಗದ, ಪೆನ್ನು

ಸಂಖ್ಯಾ ಶ್ರೇಣಿ, ಸಂಕೇತ ಭಾಷೆ, ದಿಕ್ಕು, ರಕ್ತಸಂಬಂಧ ಇವುಗಳಲ್ಲಿ ಒಂದೊಂದರಲ್ಲಿ ಐವತ್ತು ಪ್ರಶ್ನೆ ಬಿಡಿಸಿದರೆ ಕೇಳುವ ಬಗೆಗಳೆಲ್ಲ ಹೆಚ್ಚುಕಡಿಮೆ ಕಂಡುಬಿಡುತ್ತವೆ. ನಿಯಮ ಒಂದೇ, ತಲೆಯಲ್ಲಿ ಬಿಡಿಸಬೇಡಿ. ದಿಕ್ಕಿನ ಪ್ರಶ್ನೆಗೆ ಬಾಣ ಎಳೆಯಿರಿ, ಸಂಬಂಧದ ಪ್ರಶ್ನೆಗೆ ವಂಶವೃಕ್ಷ ಬರೆಯಿರಿ. ದುಂಡು ಮೇಜಿನ ಪ್ರಶ್ನೆಯಲ್ಲಿ ಯಾರಾದರೂ ಒಬ್ಬರನ್ನು ಮೊದಲು ಕೂರಿಸಿಬಿಡಿ, ಉಳಿದವರು ಅವರ ಎಡಬಲದಲ್ಲಿ ಬಂದು ಕೂರುತ್ತಾರೆ.

ಹೊಸಬರು ಎಡವುವ ಜಾಗ ಹೇಳಿಕೆ–ತೀರ್ಮಾನ. ‘ಎಲ್ಲ ಮೇಷ್ಟ್ರುಗಳೂ ಪದವೀಧರರು. ಕೆಲವು ಪದವೀಧರರು ಕವಿಗಳು. ಆದ್ದರಿಂದ ಕೆಲವು ಮೇಷ್ಟ್ರುಗಳು ಕವಿಗಳು.’ ಸರಿಯೇ? ಕುವೆಂಪು, ಬೇಂದ್ರೆ ಇಬ್ಬರೂ ಪಾಠ ಹೇಳಿದವರೇ, ಸರಿ ಅಲ್ಲದೆ ಇನ್ನೇನು ಎಂದು ಕನ್ನಡಿಗರ ಮನಸ್ಸು ಒಪ್ಪಿಬಿಡುತ್ತದೆ. ಆದರೆ ಕೊಟ್ಟ ಎರಡು ವಾಕ್ಯಗಳಿಂದ ಅದು ಹೊರಡುವುದಿಲ್ಲ. ಮೇಷ್ಟ್ರುಗಳ ವೃತ್ತ ಪದವೀಧರರ ವೃತ್ತದೊಳಗೆ ಒಂದು ಮೂಲೆಯಲ್ಲಿ, ಕವಿಗಳ ವೃತ್ತ ಇನ್ನೊಂದು ಮೂಲೆಯಲ್ಲಿ ತಗುಲಿಕೊಂಡಿರಬಹುದು. ಹಾಗೆ ಚಿತ್ರ ಬರೆಯಲು ಸಾಧ್ಯವಾದರೆ ಸಾಕು, ತೀರ್ಮಾನ ಬಿದ್ದುಹೋಯಿತು. ಲೋಕದಲ್ಲಿ ನಿಜವಾಗಿರುವುದು ಬೇರೆ, ವಾಕ್ಯದಿಂದ ಹೊರಡುವುದು ಬೇರೆ.

ಕ್ಯಾಲೆಂಡರ್ ಪ್ರಶ್ನೆ ನನಗೆ ಇಷ್ಟದ್ದು, ಇತಿಹಾಸವನ್ನೂ ಜೊತೆಗೇ ಕಲಿಸುತ್ತದೆ. ಭಾಷಾವಾರು ಪ್ರಾಂತ್ಯವಾಗಿ ಮೈಸೂರು ರಾಜ್ಯ ರೂಪುಗೊಂಡ 1956ರ ನವೆಂಬರ್ 1 ಗುರುವಾರ. ಹಾಗಾದರೆ ‘ಕರ್ನಾಟಕ’ ಎಂಬ ಹೆಸರು ಬಂದ 1973ರ ನವೆಂಬರ್ 1 ಯಾವ ವಾರ? ಸಾಮಾನ್ಯ ವರ್ಷವೆಂದರೆ 52 ವಾರ ಮತ್ತು ಒಂದು ದಿನ, ಅಧಿಕ ವರ್ಷವಾದರೆ ಎರಡು ದಿನ. ನಡುವೆ ಕಳೆದದ್ದು 17 ವರ್ಷ, ಆದ್ದರಿಂದ 17 ದಿನ. ಆ ಅವಧಿಯಲ್ಲಿ ಫೆಬ್ರವರಿ 29 ಬಂದದ್ದು 1960, 1964, 1968, 1972ರಲ್ಲಿ, ಇನ್ನೂ ನಾಲ್ಕು. ಒಟ್ಟು 21, ಏಳರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಅದೂ ಗುರುವಾರವೇ. 1956ರಲ್ಲೂ ಫೆಬ್ರವರಿ 29 ಇತ್ತಲ್ಲ, ಅದನ್ನೇಕೆ ಎಣಿಸಲಿಲ್ಲ? ನಾವು ಹೊರಟದ್ದು ನವೆಂಬರಿನಿಂದ, ಅದು ಆಗಲೇ ಕಳೆದುಹೋಗಿತ್ತು. ಪರೀಕ್ಷಕರು ಗುಂಡಿ ತೋಡುವುದು ಇಂಥ ಕಡೆಯಲ್ಲೇ.

ಹಂತ 4: ಸಾಮಾನ್ಯ ಜ್ಞಾನವನ್ನು ಸರಪಳಿಯಾಗಿ ಓದಿ

ಲೆಕ್ಕ ಹದಕ್ಕೆ ಬಂದಮೇಲೆ, ಸುಮಾರು ಒಂದು ತಿಂಗಳ ನಂತರ, ದಿನದ ಹೆಚ್ಚಿನ ಹೊತ್ತು ಇದಕ್ಕೆ ಕೊಡಿ. ಬುನಾದಿಗೆ ಶಾಲಾ ಪಠ್ಯಪುಸ್ತಕಗಳೇ ಸಾಕು: 6ರಿಂದ 10ನೇ ತರಗತಿಯ ಸಮಾಜ ವಿಜ್ಞಾನ ಮತ್ತು ವಿಜ್ಞಾನ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಈಗ ಅರಿವು ಕೇಂದ್ರ ಎನ್ನುತ್ತಾರೆ, ಕೂತು ಪತ್ರಿಕೆ ಓದಿ. ಮಾಸಿಕ ‘ಯೋಜನಾ’ ಕನ್ನಡದಲ್ಲೇ ಬರುತ್ತದೆ. ರಾಜ್ಯ ಬಜೆಟ್ ಮತ್ತು ಆರ್ಥಿಕ ಸಮೀಕ್ಷೆಯ ಸಾರಾಂಶವನ್ನು ಬಿಡಬೇಡಿ, ಎರಡನೇ ಪತ್ರಿಕೆಯ 40 ಪ್ರಶ್ನೆಗೆ ಅದು ನೇರ ದಾರಿ.

‘ಒಂದು ಸಾಲಿನ ಹತ್ತು ಸಾವಿರ ಪ್ರಶ್ನೋತ್ತರ’ದಂಥ ಪುಸ್ತಕಗಳ ಬಗ್ಗೆ ನನಗೆ ಗೌರವವಿಲ್ಲ. ಬಿಡಿ ಸಂಗತಿ ನೆನಪಿನಲ್ಲಿ ನಿಲ್ಲುವುದಿಲ್ಲ. ಪತ್ರಿಕೆಯಲ್ಲಿ ‘371ಜೆ’ ಎಂದು ಕಂಡಿತು ಎಂದುಕೊಳ್ಳಿ. ಅಷ್ಟನ್ನೇ ಬರೆದುಕೊಂಡು ಮುಂದೆ ಹೋಗಬೇಡಿ, ಹಿಡಿದು ಎಳೆಯಿರಿ. 2012ರ 98ನೇ ತಿದ್ದುಪಡಿಯಿಂದ ಬಂದ ವಿಧಿ, ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ. ಆ ಪ್ರದೇಶಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ, ಹೀಗೆ ಏಳು ಜಿಲ್ಲೆ. ಸೆಪ್ಟೆಂಬರ್ 17 ಅಲ್ಲಿ ಯಾಕೆ ಹಬ್ಬ? 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡ ದಿನ. ಹಿಂದುಳಿದಿದ್ದನ್ನು ಅಳೆದವರು ಯಾರು? ಡಿ. ಎಂ. ನಂಜುಂಡಪ್ಪ ಸಮಿತಿ, 2002ರ ವರದಿ, ರಾಜ್ಯದಲ್ಲಿ 114 ಹಿಂದುಳಿದ ತಾಲ್ಲೂಕುಗಳು. ಒಂದೇ ಸುದ್ದಿಯಿಂದ ಸಂವಿಧಾನ, ಭೂಗೋಳ, ಇತಿಹಾಸ, ಅರ್ಥಶಾಸ್ತ್ರ ನಾಲ್ಕೂ ಆಯಿತು. ಗೋಡೆಯ ಮೇಲೆ ಒಂದು ಕರ್ನಾಟಕ ನಕ್ಷೆ ಇರಲಿ. ಓದಿದ ಪ್ರತಿ ಊರನ್ನೂ ಅದರಲ್ಲಿ ಬೆರಳಿಟ್ಟು ಹುಡುಕಿ.

ಹಂತ 5: ಊಹೆಗೂ ಒಂದು ಲೆಕ್ಕವಿದೆ

ಸರಿ ಉತ್ತರಕ್ಕೆ 2 ಅಂಕ, ತಪ್ಪಿಗೆ ಅದರ ಕಾಲು ಭಾಗ, ಅಂದರೆ ಅರ್ಧ ಅಂಕ ಕಡಿತ. ‘ಗೊತ್ತಿಲ್ಲದ್ದನ್ನು ಮುಟ್ಟಲೇಬೇಡಿ’ ಎಂದು ಹಲವರು ಹೇಳುತ್ತಾರೆ. ಲೆಕ್ಕ ಹಾಗೆನ್ನುವುದಿಲ್ಲ. 12 ಪ್ರಶ್ನೆಗಳಲ್ಲಿ ನಾಲ್ಕು ಆಯ್ಕೆಗಳಲ್ಲಿ ಒಂದೊಂದು ಖಚಿತವಾಗಿ ತಪ್ಪೆಂದು ಗೊತ್ತಾಗಿ, ಉಳಿದ ಮೂರರಲ್ಲಿ ಊಹಿಸಿದಿರಿ ಎನ್ನಿ. ಸರಾಸರಿ 4 ಸರಿ, 8 ತಪ್ಪು. 8 ಅಂಕ ಬಂತು, 4 ಹೋಯಿತು, ಕೈಯಲ್ಲಿ 4 ಉಳಿಯಿತು. ಎರಡು ಆಯ್ಕೆ ತಳ್ಳಿಹಾಕಿದ್ದರೆ 6 ಸರಿ, 6 ತಪ್ಪು, ಉಳಿಯುವುದು 9. ಏನೂ ಗೊತ್ತಿಲ್ಲದೆ ಕಣ್ಣು ಮುಚ್ಚಿ ಹಾಕಿದರೆ ಉಳಿಯುವುದು ಸರಾಸರಿ ಒಂದೂವರೆ ಮಾತ್ರ, ಅದೃಷ್ಟ ಕೈಕೊಟ್ಟರೆ ಅದೂ ಇಲ್ಲ. ಆದ್ದರಿಂದ ಒಂದು ಆಯ್ಕೆಯನ್ನಾದರೂ ತಳ್ಳಲು ಆದರೆ ಗುರುತು ಹಾಕಿ, ಇಲ್ಲವಾದರೆ ಬಿಡಿ.

ಯುಪಿಎಸ್‌ಸಿಗೂ ಕಣ್ಣಿಟ್ಟವರಿಗೆ ಅಲ್ಲಿನ ಲೆಕ್ಕ ಬೇರೆ, ಕಡಿತ ಮೂರನೇ ಒಂದು ಭಾಗ. ಅಲ್ಲಿ ಲೆಕ್ಕ–ತರ್ಕ ಬರುವುದು ಸಿ-ಸ್ಯಾಟ್ ಎಂಬ ಪ್ರತ್ಯೇಕ ಪತ್ರಿಕೆಯಲ್ಲಿ. 80 ಪ್ರಶ್ನೆ, ತಲಾ 2.5 ಅಂಕ, ಶೇ 33 ಬಂದರೆ ತೇರ್ಗಡೆ. 40 ಪ್ರಶ್ನೆ ಮುಟ್ಟಿ 30 ಸರಿಯಾದರೆ 75ರಲ್ಲಿ 8.33 ಕಳೆದು 66.67, ಗೆರೆ ದಾಟಿತು. ಆ ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ ಎಂಬುದನ್ನು ಕನ್ನಡ ಮಾಧ್ಯಮದವರು ಮೊದಲೇ ತಿಳಿದಿರಬೇಕು. ಲೆಕ್ಕದ ಅಭ್ಯಾಸವನ್ನು ಕನ್ನಡ, ಇಂಗ್ಲಿಷ್ ಎರಡೂ ಭಾಷೆಯ ಪದಗಳಲ್ಲಿ ಮಾಡಿ.

ಹಂತ 6: ಅಣಕು ಪರೀಕ್ಷೆ

ಕೊನೆಯ ಎರಡು ತಿಂಗಳು ಪ್ರತಿ ಭಾನುವಾರ ಪೂರ್ತಿ ಪತ್ರಿಕೆ ಬರೆಯಿರಿ, ಓಎಂಆರ್ ಹಾಳೆಯಲ್ಲೇ. ಗೊತ್ತಿರುವ ಸಾಮಾನ್ಯ ಜ್ಞಾನ ಮೊದಲು, ಲೆಕ್ಕ ಆಮೇಲೆ, ಅನುಮಾನದವು ಕೊನೆಗೆ. ಒಂದು ಲೆಕ್ಕ ಎರಡು ನಿಮಿಷ ದಾಟಿತೆಂದರೆ ಅಲ್ಲೇ ಬಿಟ್ಟು ಏಳಿ. ಸೋಮವಾರ ಬೆಳಗ್ಗೆ ತಪ್ಪುಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿ. ಉತ್ತರವನ್ನಷ್ಟೇ ಬರೆದರೆ ಪ್ರಯೋಜನವಿಲ್ಲ, ತಪ್ಪಿದ್ದು ಏಕೆ ಎಂದು ಬರೆಯಿರಿ: ಓದಲಿಲ್ಲವೋ, ಮರೆತಿತೋ, ‘ಅಲ್ಲ’ ಎಂಬ ಪದ ಕಣ್ತಪ್ಪಿತೋ.

ಪ್ರಶ್ನೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಓದುವ ರೂಢಿ ಈಗಲೇ ಮಾಡಿಕೊಳ್ಳಿ. 2024ರ ಆಗಸ್ಟ್ 27ರ ಪೂರ್ವಭಾವಿಯ ಕನ್ನಡ ಅನುವಾದದಲ್ಲಿ ಎಷ್ಟು ತಪ್ಪುಗಳಿದ್ದವೆಂದರೆ ಸರ್ಕಾರ ಮರುಪರೀಕ್ಷೆಗೆ ಸೂಚಿಸಬೇಕಾಯಿತು, ಡಿಸೆಂಬರ್ 29ರಂದು ಮತ್ತೆ ಬರೆಸಿದರು. ತಪ್ಪು ಅನುವಾದಕರದ್ದು, ಓಡಾಟದ ಖರ್ಚು ಮಾತ್ರ ಅಭ್ಯರ್ಥಿಯದ್ದು.

ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಪತ್ರಿಕೆಯನ್ನು ಎಸೆಯಬೇಡಿ. ಆಯೋಗ ಮೊದಲು ತಾತ್ಕಾಲಿಕ ಕೀ ಉತ್ತರ ಹೊರಡಿಸಿ ಆಕ್ಷೇಪಣೆ ಕರೆಯುತ್ತದೆ. ನಿಮ್ಮ ಉತ್ತರ ಸರಿಯೆಂದು ಪಠ್ಯಪುಸ್ತಕದ ಪುಟ ತೋರಿಸಬಲ್ಲಿರಾದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿ. ಎರಡು ಅಂಕದಲ್ಲಿ ಮುಖ್ಯ ಪರೀಕ್ಷೆ ತಪ್ಪಿಸಿಕೊಂಡವರು ಪ್ರತಿ ಸಲವೂ ಇರುತ್ತಾರೆ.