ಕ್ರಿಸ್ಮಸ್ ಮರದ ದೀಪಗಳು

ಉತ್ತರದ ಶೀತ ದೇಶಗಳಲ್ಲಿ ಡಿಸೆಂಬರ್ ಕತ್ತಲೆಯ ತಿಂಗಳು. ಆ ದಿನಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಸಂಜೆ ನಾಲ್ಕೂವರೆ ಗಂಟೆಗೇ ಸೂರ್ಯನು ಮುಳುಗುತ್ತಾನೆ. ಬಹುಪಾಲು ಮರಗಳು ಎಲೆಯುದುರಿಸಿ ಬೋಳಾಗಿ ನಿಂತಿರುತ್ತವೆ. ಇಂತಹ ಕಾಲದಲ್ಲಿ ಬರುವ ಕ್ರಿಸ್ಮಸ್ ಹಬ್ಬಕ್ಕೂ ದೀಪಕ್ಕೂ ಬಿಡಿಸಲಾಗದ ನಂಟು ಬೆಳೆದುಬಂದಿರುವುದು ಸಹಜವೇ ಆಗಿದೆ. ಚಳಿಗಾಲದಲ್ಲಿಯೂ ಹಸಿರಾಗಿರುವ ಮರವೊಂದನ್ನು ಮನೆಯೊಳಗೆ ತಂದು ನಿಲ್ಲಿಸಿ, ಅದರ ಕೊಂಬೆಗಳನ್ನು ಮೇಣದ ಬತ್ತಿಗಳಿಂದ ಅಲಂಕರಿಸುವ ಸಂಪ್ರದಾಯವು ಜರ್ಮನಿಯಲ್ಲಿ ಬೆಳೆದು ಇತರ ದೇಶಗಳಿಗೆ ಹರಡಿತು. ನೋಟವೇನೋ ರಮಣೀಯವಾಗಿತ್ತು. ಆದರೆ ದಿನೇ ದಿನೇ ಒಣಗುವ ಕೊಂಬೆಯ ಮೇಲೆ ಬತ್ತಿಯನ್ನು ಉರಿಸುವುದೆಂದರೆ ಅಪಾಯವನ್ನು ಮನೆಯೊಳಗೇ ಇಟ್ಟುಕೊಂಡಂತೆ. ಆದುದರಿಂದ ಜನರು ಪಕ್ಕದಲ್ಲಿ ನೀರಿನ ಬಕೆಟ್ಟನ್ನು ಇರಿಸಿಕೊಂಡು, ಸ್ವಲ್ಪ ಹೊತ್ತು ಮಾತ್ರ ದೀಪ ಬೆಳಗಿಸಿ ಆರಿಸಿಬಿಡುತ್ತಿದ್ದರು.

ಈ ಭಯವನ್ನು ದೂರ ಮಾಡಿದುದು ವಿದ್ಯುಚ್ಛಕ್ತಿ. 1882ನೆಯ ಸೆಪ್ಟೆಂಬರಿನಲ್ಲಿ ಥಾಮಸ್ ಆಲ್ವಾ ಎಡಿಸನ್ನನ ವಿದ್ಯುದಾಗಾರವು ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ಕೆಲಸವನ್ನು ಪ್ರಾರಂಭಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ನನು ತನ್ನ ಮನೆಯ ಕ್ರಿಸ್ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣಗಳ 80 ಪುಟ್ಟ ವಿದ್ಯುದ್ದೀಪಗಳನ್ನು ತೊಡಿಸಿದನು. ಕ್ರಿಸ್ಮಸ್ ಮರವು ವಿದ್ಯುತ್ತಿನಿಂದ ಬೆಳಗಿದುದು ಅದೇ ಮೊದಲು. 1890ರ ದಶಕದಲ್ಲಿ ಅಮೆರಿಕದ ಅಧ್ಯಕ್ಷರ ಭವನದ ಮರವೂ ವಿದ್ಯುದ್ದೀಪಗಳಿಂದ ಅಲಂಕೃತವಾಯಿತು. ಮುಂದೆ ದೀಪಸರಗಳು ಅಂಗಡಿಗಳಲ್ಲಿ ಸಿದ್ಧವಾಗಿ ದೊರೆಯತೊಡಗಿದವು. ಸಿರಿವಂತರ ಸೊತ್ತಾಗಿದ್ದ ಈ ಅಲಂಕಾರವು ಕ್ರಮೇಣ ಸಾಮಾನ್ಯರ ಮನೆಯಂಗಳಕ್ಕೂ ಇಳಿಯಿತು.

ಈ ದೀಪಗಳ ಒಳಗುಟ್ಟನ್ನು ಈಗ ಪರಿಶೀಲಿಸೋಣ. ಹಳೆಯ ಬಲ್ಬಿನ ಒಳಗೆ ಟಂಗ್‌ಸ್ಟನ್ ಲೋಹದ ಸಣ್ಣ ತಂತಿಯಿರುತ್ತದೆ. ವಿದ್ಯುತ್ತು ಹರಿದಾಗ ಆ ತಂತಿಯು ಕಾದು ಬಿಳುಪೇರಿ ಬೆಳಗುತ್ತದೆ. ಎಂದರೆ ಇಲ್ಲಿ ಬೆಳಕು ಹುಟ್ಟುವುದು ಶಾಖದ ಮೂಲಕ. ನಾವು ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಪಾಲು ಶಾಖವಾಗಿ ವ್ಯರ್ಥವಾಗಿ, ಅತ್ಯಲ್ಪ ಭಾಗ ಮಾತ್ರ ಬೆಳಕಾಗುತ್ತದೆ. ಬಣ್ಣದ ದೀಪಗಳಲ್ಲಿ ನಷ್ಟವು ಇನ್ನೂ ಹೆಚ್ಚು. ಕೆಂಪು ಬಲ್ಬಿನ ಒಳಗೆ ಹುಟ್ಟುವುದು ಕೆಂಪು ಬೆಳಕಲ್ಲ. ಅದರ ಬಣ್ಣದ ಗಾಜು ಉಳಿದ ಬಣ್ಣಗಳನ್ನೆಲ್ಲ ತಡೆದು ಕೆಂಪನ್ನು ಮಾತ್ರ ಹೊರಗೆ ಬಿಡುತ್ತದೆ. ಹೀಗೆ ಮೊದಲೇ ಅಲ್ಪವಾಗಿದ್ದ ಬೆಳಕಿನ ಬಹುಭಾಗವು ಗಾಜಿನಲ್ಲಿಯೇ ಉಳಿದುಹೋಗುತ್ತದೆ.

ಒಂದು ಸರಳವಾದ ಲೆಕ್ಕವನ್ನು ಮಾಡಿ ನೋಡಬಹುದು. ಅಮೆರಿಕದ ಮನೆಗಳ ಮಾಡಿನ ಅಂಚಿಗೆ ತೂಗುಹಾಕುತ್ತಿದ್ದ ದೊಡ್ಡ ಜಾತಿಯ ಬಣ್ಣದ ಬಲ್ಬು ಒಂದೊಂದಕ್ಕೂ 7 ವ್ಯಾಟ್ ವಿದ್ಯುತ್ತು ಬೇಕಾಗುತ್ತಿತ್ತು. ಒಂದು ಮನೆಯಲ್ಲಿ ಇಂತಹ 100 ಬಲ್ಬುಗಳಿವೆಯೆಂದೂ, ಅವು ದಿನಕ್ಕೆ 6 ಗಂಟೆ ಉರಿಯುತ್ತವೆಯೆಂದೂ ಇಟ್ಟುಕೊಳ್ಳೋಣ. ಆಗ ದಿನಕ್ಕೆ 4.2 ಯೂನಿಟ್‌ಗಳಂತೆ 30 ದಿನಗಳಿಗೆ 126 ಯೂನಿಟ್‌ಗಳು ಖರ್ಚಾಗುತ್ತವೆ. ಊರಿನ ಎಲ್ಲ ಮನೆಗಳೂ ಹೀಗೆಯೇ ಬೆಳಗಿದರೆ ಆಗುವ ವೆಚ್ಚವೆಷ್ಟು! ಆ ವಿದ್ಯುತ್ತಿಗಾಗಿ ಎಲ್ಲಿಯೋ ಕಲ್ಲಿದ್ದಲೋ ಅನಿಲವೋ ಉರಿಯಬೇಕು. ಅದರ ಹೊಗೆ ಆಕಾಶವನ್ನು ಸೇರಬೇಕು.

ಶಕ್ತಿಯ ಭಂಡಾರವು ಅಕ್ಷಯವಲ್ಲವೆಂಬ ಸತ್ಯವು ಅಮೆರಿಕದ ಜನರಿಗೆ 1973ರಲ್ಲಿ ಕಟುವಾಗಿ ಅರಿವಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಆ ದೇಶಕ್ಕೆ ತೈಲವನ್ನು ಕಳುಹಿಸುವುದನ್ನು ನಿಲ್ಲಿಸಿದವು. ನವೆಂಬರಿನಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ನರು ಜನರನ್ನುದ್ದೇಶಿಸಿ ಮಾತನಾಡಿ, ಅಲಂಕಾರದ ದೀಪಗಳನ್ನು ಕಡಿಮೆ ಮಾಡಬೇಕೆಂದು ಕೇಳಿಕೊಂಡರು. ವಾಷಿಂಗ್ಟನ್ನಿನ ರಾಷ್ಟ್ರೀಯ ಕ್ರಿಸ್ಮಸ್ ಮರದ ಮೇಲೂ ಆ ವರ್ಷ ಎಂದಿನ ದೀಪವೈಭವವಿರಲಿಲ್ಲ. ಉಳಿಸಬೇಕಾದರೆ ಆರಿಸಬೇಕು ಎಂಬುದೊಂದೇ ಅಂದು ಇದ್ದ ದಾರಿ. ಹಬ್ಬದ ಸಂತೋಷ ಬೇಕೋ, ಶಕ್ತಿಯ ಉಳಿತಾಯ ಬೇಕೋ? ಎರಡೂ ಒಟ್ಟಿಗೆ ದೊರೆಯುವಂತಿರಲಿಲ್ಲ.

ಎರಡನ್ನೂ ಒಂದುಗೂಡಿಸಬಲ್ಲ ಸಾಧನವು ಪ್ರಯೋಗಶಾಲೆಗಳಲ್ಲಿ ಆಗಲೇ ಬೆಳೆಯುತ್ತಿತ್ತು. 1962ರಲ್ಲಿ ಅಮೆರಿಕದ ವಿಜ್ಞಾನಿ ನಿಕ್ ಹೊಲೊನ್ಯಾಕ್ ಅವರು ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಸೂಸುವ ಡಯೋಡನ್ನು ರಚಿಸಿದ್ದರು. ಇದೇ ಇಂದು ನಾವು ಎಲ್‌ಇಡಿ ಎಂದು ಕರೆಯುವ ದೀಪ. ಇದರಲ್ಲಿ ಕಾಯಬೇಕಾದ ತಂತಿಯೇ ಇಲ್ಲ. ಎರಡು ಬಗೆಯ ಅರೆವಾಹಕಗಳನ್ನು ಇದರಲ್ಲಿ ಜೋಡಿಸಿರುತ್ತಾರೆ. ಒಂದರಲ್ಲಿ ಎಲೆಕ್ಟ್ರಾನುಗಳು ಹೆಚ್ಚಾಗಿದ್ದರೆ, ಇನ್ನೊಂದರಲ್ಲಿ ಎಲೆಕ್ಟ್ರಾನುಗಳಿಗಾಗಿ ತೆರವಾದ ಸ್ಥಾನಗಳಿರುತ್ತವೆ. ವಿದ್ಯುತ್ತು ಹರಿದಾಗ ಎಲೆಕ್ಟ್ರಾನುಗಳು ಆ ತೆರವಾದ ಸ್ಥಾನಗಳನ್ನು ತುಂಬುತ್ತವೆ. ಆಗ ಬಿಡುಗಡೆಯಾಗುವ ಶಕ್ತಿಯು ಬೆಳಕಾಗಿ ಹೊಮ್ಮುತ್ತದೆ. ಯಾವ ಬಣ್ಣ ಹೊಮ್ಮಬೇಕೆಂಬುದನ್ನು ಅರೆವಾಹಕದ ವಸ್ತುವೇ ನಿರ್ಧರಿಸುತ್ತದೆ. ಕೆಂಪು ದೀಪದಲ್ಲಿ ಕೆಂಪು ಬೆಳಕೇ ಹುಟ್ಟುವುದರಿಂದ ಬಣ್ಣದ ಗಾಜಿನಲ್ಲಿ ಬೆಳಕನ್ನು ಸೋಸಬೇಕಾದ ಅಗತ್ಯವಿಲ್ಲ. ಕ್ರಿಸ್ಮಸ್ಸಿನ ಬಣ್ಣದ ದೀಪಗಳಿಗೆ ಇದು ವಿಶೇಷವಾಗಿ ಒಪ್ಪುವುದು ಈ ಕಾರಣದಿಂದಲೇ.

ಕೆಂಪು, ಹಳದಿ, ಹಸಿರು ಬಣ್ಣಗಳು ದೊರೆತರೂ ಪ್ರಕಾಶಮಾನವಾದ ನೀಲಿ ಬೆಳಕು ಬಹುಕಾಲ ಕೈಗೆಟುಕಲಿಲ್ಲ. ಜಪಾನಿನಲ್ಲಿ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ ಮತ್ತು ಷುಜಿ ನಾಕಾಮುರಾ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಪರಿಶ್ರಮಿಸಿ 1990ರ ದಶಕದ ಪ್ರಾರಂಭದಲ್ಲಿ ಅದನ್ನು ಸಾಧಿಸಿದರು. ನೀಲಿ ಬೆಳಕಿನ ಒಂದು ಭಾಗವನ್ನು ಹಳದಿಯಾಗಿ ಮಾರ್ಪಡಿಸುವ ಲೇಪದ ನೆರವಿನಿಂದ ಬಿಳಿಯ ಬೆಳಕೂ ದೊರೆಯಿತು. ಈ ಸಾಧನೆಗಾಗಿ 2014ರಲ್ಲಿ ಅವರು ಮೂವರಿಗೂ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಲಭಿಸಿತು.

ಮೇಲಿನ ಲೆಕ್ಕವನ್ನೇ ಈಗ ಪುನಃ ಮಾಡೋಣ. ಏಳು ವ್ಯಾಟಿನ ಬಲ್ಬಿನ ಜಾಗದಲ್ಲಿ ಅರ್ಧ ವ್ಯಾಟಿನ ಎಲ್‌ಇಡಿ ದೀಪವನ್ನು ಇಟ್ಟರೆ, ಅದೇ 100 ದೀಪಗಳಿಗೆ 30 ದಿನಗಳಲ್ಲಿ ಖರ್ಚಾಗುವುದು 9 ಯೂನಿಟ್‌ಗಳು ಮಾತ್ರ. 126 ಎಲ್ಲಿ, 9 ಎಲ್ಲಿ! ಇದಲ್ಲದೆ ಈ ದೀಪಗಳು ಹಳೆಯ ಬಲ್ಬಿನಷ್ಟು ಬಿಸಿಯಾಗುವುದಿಲ್ಲ. ಒಣಕೊಂಬೆಗೆ ಬಿಸಿ ತಗಲುವ ಭಯವು ಕಡಿಮೆ. ಬಾಳಿಕೆಯೂ ಅನೇಕ ಪಟ್ಟು ಹೆಚ್ಚು. ನಮ್ಮಲ್ಲಿ ಸೀರಿಯಲ್ ಸೆಟ್ ಎಂದು ಕರೆಯುವ ದೀಪಸರಗಳಲ್ಲಿ ಒಂದು ಬಲ್ಬು ಕೆಟ್ಟರೆ ಇಡೀ ಸಾಲೇ ಕತ್ತಲಾಗುತ್ತಿದ್ದುದನ್ನು ಹಿರಿಯರು ಬಲ್ಲರು. ದೀಪಗಳು ಬಹುಕಾಲ ಬಾಳಿದರೆ ಆ ತೊಂದರೆಯೂ ತಗ್ಗುತ್ತದೆ. ಕೊಳ್ಳುವಾಗ ಬೆಲೆಯು ತುಸು ಹೆಚ್ಚೆನಿಸಿದರೂ ಉಳಿತಾಯವು ಅದನ್ನು ತುಂಬಿಕೊಡುತ್ತದೆ.

ಈ ಬದಲಾವಣೆಗೆ ಜಗತ್ಪ್ರಸಿದ್ಧವಾದ ಉದಾಹರಣೆಯೊಂದಿದೆ. ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರಿನಲ್ಲಿ ಪ್ರತಿವರ್ಷವೂ ಎತ್ತರವಾದ ಕ್ರಿಸ್ಮಸ್ ಮರವನ್ನು ನಿಲ್ಲಿಸುತ್ತಾರೆ. ಅದನ್ನು ನೋಡಲು ಲಕ್ಷಾಂತರ ಜನರು ನೆರೆಯುತ್ತಾರೆ. 2007ರಲ್ಲಿ ಮೊದಲ ಬಾರಿಗೆ ಆ ಮರಕ್ಕೆ 30,000 ಎಲ್‌ಇಡಿ ದೀಪಗಳನ್ನು ತೊಡಿಸಲಾಯಿತು. ಅದಕ್ಕೆ ಮುಂಚೆ ಮರವನ್ನು ಬೆಳಗಲು ದಿನಕ್ಕೆ 3,510 ಯೂನಿಟ್‌ಗಳು ಬೇಕಾಗುತ್ತಿದ್ದವು. ಅದು 1,297 ಯೂನಿಟ್‌ಗಳಿಗೆ ಇಳಿಯಿತು. ದಿನವೊಂದಕ್ಕೆ ಉಳಿದುದು 2,213 ಯೂನಿಟ್‌ಗಳು. ಅಮೆರಿಕದ ಸಾಧಾರಣ ಸಂಸಾರವೊಂದು ತಿಂಗಳಿಗೆ ಸುಮಾರು 900 ಯೂನಿಟ್‌ಗಳನ್ನು ಬಳಸುತ್ತದೆ. ಹಾಗಾದರೆ ಒಂದು ಮರದ ಒಂದು ದಿನದ ಉಳಿತಾಯವು ಒಂದು ಮನೆಗೆ ಎರಡು ತಿಂಗಳಿಗಿಂತಲೂ ಹೆಚ್ಚು ಕಾಲ ಸಾಕಾಗುತ್ತದೆ. ಮರವು ಕಳೆಗುಂದಲಿಲ್ಲ, ಜನರ ಸಂತೋಷವೂ ಕುಂದಲಿಲ್ಲ. 1973ರ ಸಮಸ್ಯೆಗೆ ವಿಜ್ಞಾನವು ಕೊಟ್ಟ ಉತ್ತರವಿದು.

ಆದರೆ ವಿಜ್ಞಾನದ ಉತ್ತರವೊಂದೇ ಸಾಕೇ? ಇಲ್ಲಿ ನಾವು ಇನ್ನೊಂದು ವಿಷಯವನ್ನು ಯೋಚಿಸಬೇಕಾಗಿದೆ. 1865ರಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞನು ಕಲ್ಲಿದ್ದಲಿನ ಬಗ್ಗೆ ಗ್ರಂಥವೊಂದನ್ನು ಬರೆದನು. ಉಗಿಯಂತ್ರಗಳು ಸುಧಾರಿಸಿ ಕಡಿಮೆ ಕಲ್ಲಿದ್ದಲಿನಿಂದ ಹೆಚ್ಚು ಕೆಲಸ ಮಾಡತೊಡಗಿದಾಗ, ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿನ ಬಳಕೆಯು ಕಡಿಮೆಯಾಗುವ ಬದಲು ಹೆಚ್ಚಾಯಿತೆಂಬುದನ್ನು ಅವನು ತೋರಿಸಿಕೊಟ್ಟನು. ಕೆಲಸವು ಅಗ್ಗವಾದಂತೆಲ್ಲ ಜನರು ಇನ್ನಷ್ಟು ಯಂತ್ರಗಳನ್ನು ಹೂಡಿದರು. ದೀಪದ ವಿಷಯದಲ್ಲಿಯೂ ಈ ಅಪಾಯವುಂಟು. ನಮ್ಮ ಲೆಕ್ಕದ ಆ ಮನೆಯ ಯಜಮಾನನು, ಖರ್ಚು ಕಡಿಮೆಯೆಂದು ನೂರು ದೀಪಗಳ ಬದಲು 1,400 ದೀಪಗಳನ್ನು ಹಚ್ಚಿದನೆನ್ನಿ. ಆಗ ಖರ್ಚು ಪುನಃ ಅದೇ 126 ಯೂನಿಟ್‌ಗಳು! ದೀಪ ಬದಲಾಯಿತು, ಲೆಕ್ಕ ಬದಲಾಗಲಿಲ್ಲ.

ಇದು ಬರಿಯ ಊಹೆಯ ಮಾತೆನ್ನುವಂತಿಲ್ಲ. ರಾಕ್‌ಫೆಲರ್ ಸೆಂಟರಿನ ಮರದಲ್ಲಿಯೇ 30,000 ಇದ್ದ ದೀಪಗಳು ಈಚಿನ ವರ್ಷಗಳಲ್ಲಿ 50,000ಕ್ಕೆ ಏರಿವೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ, ತನ್ನ ಉಪಗ್ರಹದಿಂದ ದೊರೆತ ಚಿತ್ರಗಳ ಆಧಾರದ ಮೇಲೆ 2014ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿತು. ಕ್ರಿಸ್ಮಸ್ ಮತ್ತು ಹೊಸ ವರ್ಷದ ದಿನಗಳಲ್ಲಿ ಆ ದೇಶದ ಅನೇಕ ನಗರಗಳ ರಾತ್ರಿಯ ಬೆಳಕು ಉಳಿದ ದಿನಗಳಿಗಿಂತ ನೂರಕ್ಕೆ 20ರಿಂದ 50ರಷ್ಟು ಹೆಚ್ಚಾಗಿತ್ತು. ಹಬ್ಬದ ಹರ್ಷವು ಅಂತರಿಕ್ಷಕ್ಕೂ ಕಾಣುವಂತಿರುವುದು ಸೊಗಸೇ. ಆದರೆ ಮೇಲಕ್ಕೆ ಚೆಲ್ಲಿದ ಬೆಳಕು ನಕ್ಷತ್ರಗಳನ್ನು ಮಸುಕು ಮಾಡುತ್ತದೆ. ಕತ್ತಲೆಯನ್ನು ನಂಬಿ ಬಾಳುವ ಪಕ್ಷಿಕೀಟಗಳ ದಾರಿಯನ್ನು ತಪ್ಪಿಸುತ್ತದೆ. ಕಡಿಮೆ ವಿದ್ಯುತ್ತಿನಿಂದ ಹುಟ್ಟಿತೆಂಬ ಮಾತ್ರಕ್ಕೆ ಅನಾವಶ್ಯಕವಾದ ಬೆಳಕು ಆವಶ್ಯಕವಾಗುವುದಿಲ್ಲ.

ಆದುದರಿಂದ ದೀಪವನ್ನು ಬದಲಾಯಿಸುವುದರೊಡನೆ ಅಭ್ಯಾಸವನ್ನೂ ತಿದ್ದಿಕೊಳ್ಳಬೇಕು. ಹಳೆಯ ಸರದಲ್ಲಿ ಎಷ್ಟು ದೀಪಗಳಿದ್ದವೋ ಹೊಸದರಲ್ಲಿಯೂ ಅಷ್ಟೇ ಇರಲಿ. ನೋಡುವವರು ಮಲಗಿದ ಮೇಲೆ ದೀಪಗಳೂ ಆರಲಿ; ಇದಕ್ಕಾಗಿ ಗೊತ್ತಾದ ವೇಳೆಗೆ ತಾನೇ ಆರಿಸುವ ಉಪಕರಣಗಳಿವೆ. ಬೆಳಕು ಆಕಾಶಕ್ಕೆ ಹಾಯದೆ ಬೇಕಾದ ಕಡೆಗೆ ಮಾತ್ರ ಬೀಳಲಿ. ಕೆಟ್ಟುಹೋದ ಸರಗಳನ್ನು ಕಸದ ರಾಶಿಗೆ ಎಸೆಯದೆ ಮರುಬಳಕೆಗೆ ಕೊಟ್ಟರೆ ಅವುಗಳ ತಾಮ್ರವೂ ವ್ಯರ್ಥವಾಗುವುದಿಲ್ಲ. ಕ್ರಿಸ್ಮಸ್ಸಿಗೆ ಹೇಳಿದ ಈ ಮಾತು ದೀಪ ಹಚ್ಚುವ ಎಲ್ಲ ಹಬ್ಬಗಳಿಗೂ ಸಲ್ಲುತ್ತದೆ.

ರಾಕ್‌ಫೆಲರ್ ಸೆಂಟರಿನ ಮೊಟ್ಟಮೊದಲ ಮರದ ಕಥೆಯು ಇಲ್ಲಿ ಸ್ಮರಣೀಯವಾಗಿದೆ. 1931ರಲ್ಲಿ ಅಮೆರಿಕದಲ್ಲಿ ತೀವ್ರವಾದ ಆರ್ಥಿಕ ಮುಗ್ಗಟ್ಟು ಆವರಿಸಿತ್ತು. ಲಕ್ಷಾಂತರ ಜನರು ಕೆಲಸವಿಲ್ಲದೆ ಅಲೆಯುತ್ತಿದ್ದರು. ಆ ಕ್ರಿಸ್ಮಸ್ಸಿನ ಮುನ್ನಾದಿನ, ಅಲ್ಲಿ ಕಟ್ಟಡ ಕಟ್ಟುತ್ತಿದ್ದ ಕೂಲಿಗಾರರು ತಮ್ಮ ತಮ್ಮಲ್ಲೇ ಹಣ ಕೂಡಿಸಿ 20 ಅಡಿಯ ಮರವೊಂದನ್ನು ತಂದು ನಿಲ್ಲಿಸಿದರು. ಕಾಗದದ ಮಾಲೆಗಳು, ಕೆಂಪು ಹಣ್ಣುಗಳ ಸರಗಳು, ಕೆಲವು ತಗಡಿನ ಡಬ್ಬಿಗಳು—ಇವೇ ಅದರ ಆಭರಣಗಳು. ಎರಡು ವರ್ಷಗಳ ಅನಂತರ, 1933ರಲ್ಲಿ, 700 ದೀಪಗಳ ಮರವು ಅಲ್ಲಿ ಬೆಳಗಿತು. ಇಂದು ಅಲ್ಲಿ ಸಾವಿರಾರು ದೀಪಗಳಿವೆ. ಆದರೂ ಆ ಕೂಲಿಗಾರರ ಮರವನ್ನು ಜನರು ಮರೆತಿಲ್ಲ. ಹಬ್ಬದ ಸಂತೋಷವನ್ನು ದೀಪಗಳ ಸಂಖ್ಯೆಯಿಂದ ಅಳೆಯಲಾಗದು. ಕಡಿಮೆ ಶಕ್ತಿಯಲ್ಲಿ ಬೆಳಗುವ ವಿದ್ಯೆಯನ್ನು ವಿಜ್ಞಾನವು ನಮಗೆ ಕೊಟ್ಟಿದೆ. ಎಷ್ಟು ಬೆಳಗಿದರೆ ಸಾಕೆಂಬ ವಿವೇಕವನ್ನು ನಾವೇ ಬೆಳೆಸಿಕೊಳ್ಳಬೇಕು.

ಅಭ್ಯಾಸ

1. ಬಣ್ಣದ ಗಾಜಿನ ಹಳೆಯ ಬಲ್ಬುಗಳಲ್ಲಿ ಶಕ್ತಿಯು ಹೇಗೆ ವ್ಯರ್ಥವಾಗುತ್ತದೆ?
2. 1973ರ ಕ್ರಿಸ್ಮಸ್ಸಿಗೂ 2007ರ ಕ್ರಿಸ್ಮಸ್ಸಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
3. ‘ದೀಪ ಬದಲಾಯಿತು, ಲೆಕ್ಕ ಬದಲಾಗಲಿಲ್ಲ’—ಈ ಮಾತಿನ ಅರ್ಥವನ್ನು ಉದಾಹರಣೆಯೊಂದಿಗೆ ಸ್ಪಷ್ಟಪಡಿಸಿರಿ.
4. ನಿಮ್ಮ ಊರಿನ ಹಬ್ಬವೊಂದರ ದೀಪಾಲಂಕಾರಕ್ಕೆ ತಗಲುವ ವಿದ್ಯುತ್ತನ್ನು ಲೆಕ್ಕಹಾಕಿ, ಅದನ್ನು ತಗ್ಗಿಸುವ ಬಗೆಯನ್ನು ಸೂಚಿಸಿರಿ.