ವೈಯಾವೃತ್ಯವೂ ತಪಸ್ಸೇ

ತಪಸ್ಸೆಂದೊಡನೆ ನಮ್ಮ ಮನೆಗಳಲ್ಲಿ ಉಪವಾಸ, ಏಕಭುಕ್ತ, ರಸಪರಿತ್ಯಾಗಗಳೇ ನೆನಪಿಗೆ ಬರುತ್ತವೆ. ಇವು ಬಾಹ್ಯತಪಗಳು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಇವುಗಳೊಡನೆ ಆರು ಆಭ್ಯಂತರ ತಪಗಳನ್ನೂ ಹೇಳಿದೆ. ಅವುಗಳಲ್ಲಿ ಮೂರನೆಯದು ವೈಯಾವೃತ್ಯ. ಸ್ವಾಧ್ಯಾಯ, ಧ್ಯಾನಗಳು ಬರುವುದು ಅದರ ಬಳಿಕ. ಸೇವಾರ್ಹರಾದ ಹತ್ತು ಬಗೆಯ ಸಾಧುಗಳಲ್ಲಿ ‘ಗ್ಲಾನ’, ಅಂದರೆ ರೋಗಪೀಡಿತ, ಎಂಬವನೂ ಇದ್ದಾನೆ. ಶಾಸ್ತ್ರವು ಇಲ್ಲಿ ಸಂಯಮಿಗಳನ್ನು ಕುರಿತೇ ಹೇಳಿದೆಯೆಂಬುದು ನಿಜ. ಆದರೆ ಕ್ಯಾನ್ಸರ್ ಬಲಿತು ಹಾಸಿಗೆ ಹಿಡಿದ ವೃದ್ಧ ತಾಯಿತಂದೆಯರಿರುವ ಗೃಹಸ್ಥನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲಿ ದೊರೆತೀತು?

ಶಿವಾರ್ಯರ ಭಗವತೀ ಆರಾಧನೆಯನ್ನು ನೋಡಿರಿ. ನಮ್ಮ ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಗ್ರಂಥವಿದು. ಸಮಾಧಿಮರಣಕ್ಕೆ ಸಿದ್ಧನಾದ ಕ್ಷಪಕನಿಗೆ 48 ಮಂದಿ ನಿರ್ಯಾಪಕರನ್ನು ಅಲ್ಲಿ ವಿಧಿಸಿದೆ, ನಾಲ್ವರಿಗೊಂದು ಕೆಲಸ. ಎಬ್ಬಿಸಿ ಕೂರಿಸಿ ಮಗ್ಗುಲು ಬದಲಿಸುವವರು ನಾಲ್ವರು, ಧರ್ಮಕಥೆ ಹೇಳುವವರು ನಾಲ್ವರು, ರಾತ್ರಿ ಎಚ್ಚರವಿರುವವರು ನಾಲ್ವರು, ಮಲಮೂತ್ರ ತೆಗೆಯುವವರು ನಾಲ್ವರು. ಉಪಾಧ್ಯಾಯವೃತ್ತಿಯಲ್ಲಿ ಬೆಳೆದ ನನಗೆ ಪಟ್ಟಿಗಳ ಮೇಲೆ ಮೋಹವುಂಟು. ಆದರೆ ಈ ಪಟ್ಟಿಯ ಸೊಗಸೇ ಬೇರೆ. ಧರ್ಮಕಥೆ ಹೇಳುವವನೂ ಮಲ ತೆಗೆಯುವವನೂ ಇಲ್ಲಿ ಒಂದೇ ಹೆಸರಿನ ನಿರ್ಯಾಪಕರು. ಅಷ್ಟು ಜನ ದೊರೆಯದಿದ್ದರೆ ಕಡಿಮೆಯಾಗಬಹುದು, ಆದರೆ ಇಬ್ಬರಿಗಿಂತ ಕಡಿಮೆಯಾಗಕೂಡದು. ಒಬ್ಬನೇ ಆದರೆ ಕ್ಷಪಕನೂ ಕೆಡುವನು, ಸೇವಕನೂ ಕೆಡುವನು ಎಂಬುದು ಶಾಸ್ತ್ರದ ಆಶಯ.

ನಮ್ಮ ಮನೆಗಳಲ್ಲಿ ನಡೆಯುವುದೇನು? ಎಲ್ಲವೂ ಒಬ್ಬ ಸೊಸೆಯ ತಲೆಯ ಮೇಲೆ. ಮಕ್ಕಳು ಅಷ್ಟಾಹ್ನಿಕದ ಎಂಟು ದಿನವೂ ಉಪವಾಸ ಮಾಡಿ, ಸಂಜೆ ತಾಯಿಯ ಕೋಣೆಯ ಬಾಗಿಲಲ್ಲಿ ನಿಂತು ‘ಹೇಗಿದ್ದೀರಮ್ಮಾ’ ಎಂದು ಕೇಳಿ ಹೋಗುತ್ತಾರೆ. ವ್ರತವು ಯಥಾಶಕ್ತಿ ಎಂದಿರುವಾಗ, ತಾಯಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಬಲವನ್ನೂ ಆ ಶಕ್ತಿಯ ಲೆಕ್ಕದಲ್ಲಿ ಹಿಡಿಯಬೇಕು. ಹಾಗೆ ಮಾಡದಿದ್ದರೆ ಬೆನ್ನಿನಲ್ಲಿ ಹುಣ್ಣಾಗುವುದು. ಅಂತಹ ತಿಂಗಳಲ್ಲಿ ಉಪವಾಸದ ಬದಲು ಏಕಭುಕ್ತ ಮಾಡಿ ರಾತ್ರಿಯ ಸರದಿಯನ್ನು ವಹಿಸಿಕೊಂಡ ಮಗನೇ ಹೆಚ್ಚು ತಪಸ್ಸು ಮಾಡಿದನೆಂದು ನಾನು ಹೇಳುವೆನು.

ಇನ್ನು ನೋವಿನ ವಿಷಯ. ವೇದನೆಯನ್ನೇ ಚಿಂತಿಸುತ್ತಿರುವುದು ಆರ್ತಧ್ಯಾನದ ನಾಲ್ಕು ಭೇದಗಳಲ್ಲೊಂದು. ಆದುದರಿಂದ ನೋವನ್ನು ತಗ್ಗಿಸುವುದೆಂದರೆ ಧರ್ಮಧ್ಯಾನಕ್ಕೆ ಎಡೆ ಮಾಡಿಕೊಡುವುದು. ಮಾರ್ಫಿನ್ ಅಮಲುಪದಾರ್ಥವೆಂದು ಹಿರಿಯರು ಅಂಜುತ್ತಾರೆ. ಅದು ಗಸಗಸೆ ಗಿಡದ ಹಾಲಿನಿಂದ ಬಂದುದು. ವೈದ್ಯರು ಅಳೆದು ಕೊಟ್ಟಾಗ ಔಷಧವೇ ಹೊರತು ಮದ್ಯವಲ್ಲ. ಮಲಬದ್ಧತೆ ಮಾತ್ರ ತಪ್ಪದು. ಅದಕ್ಕೂ ಮೊದಲ ದಿನದಿಂದಲೇ ಮದ್ದು ಕೇಳಬೇಕು.

ಕಷ್ಟವಿರುವುದು ರಾತ್ರಿಯ ತ್ಯಾಗದಲ್ಲಿ. ಸಾಧಾರಣ ಮಾರ್ಫಿನ್ ಗುಳಿಗೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದ ತಾಯಿ ಬಾಯಿ ತೆರೆಯರು. ಬೈದು ನುಂಗಿಸುವುದೂ ತಪ್ಪು, ನರಳಲು ಬಿಡುವುದೂ ತಪ್ಪು. ವ್ರತವನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಿರಿ. ಹನ್ನೆರಡು ಗಂಟೆ ಕೆಲಸ ಮಾಡುವ ಗುಳಿಗೆಗಳುಂಟು (ಇವನ್ನು ಪುಡಿಮಾಡಿ ಕೊಟ್ಟರೆ ಅಪಾಯ). ಚರ್ಮಕ್ಕೆ ಅಂಟಿಸಿ ಮೂರು ದಿನ ಬಿಡುವ ಫೆಂಟನಿಲ್ ಪಟ್ಟಿಯುಂಟು. ಯಾವುದು ತಕ್ಕುದೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಹಲವು ಕ್ಯಾಪ್ಸೂಲುಗಳ ಹೊದಿಕೆ ಪ್ರಾಣಿಗಳ ಮೂಳೆ-ಚರ್ಮದಿಂದಾದ ಜಿಲೆಟಿನ್, ಲೇಹ್ಯಗಳಲ್ಲಿ ಜೇನಿರುವುದುಂಟು. ಕೇಳಿದರೆ ಬದಲಿ ದೊರೆಯಬಹುದು. ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಗಳು ಗುಣವಾಗದ ಹಂತದ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತವೆ.

ಕಡೆಗೆ ಹಸಿವೇ ಅಡಗುವುದು. ಅದು ರೋಗದ ಲಕ್ಷಣ. ಬಲವಂತವಾಗಿ ತಿನ್ನಿಸಿದರೆ ಶಕ್ತಿ ಬಾರದು. ನುಂಗಲಾರದವರಿಗೆ ಹಾಕಿದ ಗಂಜಿ ಶ್ವಾಸನಾಳಕ್ಕೆ ಇಳಿದೀತು. ಆದರೆ ಊಟ ಬಿಟ್ಟ ಮಾತ್ರಕ್ಕೆ ‘ಅಮ್ಮ ಸಲ್ಲೇಖನ ತೆಗೆದುಕೊಂಡರು’ ಎಂದು ಊರಿಗೆ ಸಾರಬಾರದು. ಸಲ್ಲೇಖನವು ಪ್ರತೀಕಾರವಿಲ್ಲದ ಸ್ಥಿತಿಯಲ್ಲಿ, ಎಚ್ಚರದ ಮನಸ್ಸಿನಿಂದ, ಗುರುಗಳ ಬಳಿ ತಾವೇ ಕೇಳಿ ಪಡೆಯುವ ವ್ರತ. ಮಕ್ಕಳು ಅದನ್ನು ಹೊರಿಸಲಾಗದು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಇದನ್ನು ಅಪರಾಧವೆಂದಾಗ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ತಡೆ ನೀಡಿತು. ಆಗ ನಾವೆಲ್ಲ ಇದು ಸ್ವಇಚ್ಛೆಯ ವ್ರತವೆಂದು ವಾದಿಸಿದೆವಲ್ಲವೇ? ಮನೆಯಲ್ಲಿಯೂ ಹಾಗೆಯೇ ನಡೆಯಬೇಕು. ರೋಗದ ನಿಜಸ್ಥಿತಿಯನ್ನು ತಾಯಿಯಿಂದ ಮುಚ್ಚಿಟ್ಟರೆ ಆಲೋಚನೆ, ಕ್ಷಮಾಪಣೆಗಳಿಗೂ ಅವರಿಗೆ ಅವಕಾಶವಿಲ್ಲದಂತಾಗುವುದು. ಅವರು ಕೇಳಿದಷ್ಟನ್ನು, ಮೆಲ್ಲಗೆ, ನಿಜವಾಗಿಯೇ ಹೇಳಿರಿ.

ಜೀವಿತಾಶಂಸೆ, ಮರಣಾಶಂಸೆ ಎರಡೂ ಅತಿಚಾರಗಳು. ‘ಇನ್ನೊಂದು ಚಾತುರ್ಮಾಸ ಇರಲಿ’ ಎಂದಾಗಲಿ, ‘ಬೇಗ ಬಿಡುಗಡೆಯಾಗಲಿ’ ಎಂದಾಗಲಿ ಹಾಸಿಗೆಯ ಬಳಿ ಆಡಬಾರದು. ಮಾತಾಡದಿದ್ದರೂ ಕಿವಿ ಕೇಳುತ್ತಿರಬಹುದು. ಣಮೋಕಾರವನ್ನು ಮೆಲುದನಿಯಲ್ಲಿ ಹೇಳಿರಿ. ತುಟಿ ಒಣಗಿದರೆ ಸೋಸಿ ಕಾಯಿಸಿದ ನೀರಿನಲ್ಲಿ ಶುದ್ಧವಾದ ಬಟ್ಟೆಯ ತುದಿಯನ್ನು ಅದ್ದಿ ಒರೆಸಬಹುದು. ರಾತ್ರಿಯ ಹೊತ್ತು ಅದಕ್ಕೂ ಒಪ್ಪಿಗೆಯುಂಟೋ ಎಂಬುದನ್ನು, ಅವರಿಗೆ ಮಾತಿರುವಾಗಲೇ, ಕೇಳಿಟ್ಟುಕೊಳ್ಳಬೇಕು.